ಗುಮ್ಮಟ ಇಲ್ಲ, ಮಿನಾರ್ ಇಲ್ಲ, ಆದರೂ ಮಸೀದಿ: ಕಮಲಾಪುರ ರಸ್ತೆಯ ಅಹಮದ್ ಖಾನ್ ‘ಧರ್ಮಸಾಲೆ’ಯ ಕತೆ

ಹೊಸಪೇಟೆ: ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ರಸ್ತೆ ತಾಲ್ಲೂಕಿನವರಿಗೆ ಹೊಸದೇನಲ್ಲ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೊರಟ ಕಾರು, ಆಟೊ, ಶಾಲಾ ಮಕ್ಕಳ ಪ್ರವಾಸದ ಬಸ್ಸು ಎಲ್ಲ ಇದೇ ದಾರಿ ಹಿಡಿಯುತ್ತವೆ. ಕಲ್ಲಿನ ರಥ ನೋಡಬೇಕು, ಬಿಸಿಲೇರೋದರೊಳಗೆ ವಾಪಸ್ ಬರಬೇಕು ಅನ್ನೋ ಗಡಿಬಿಡಿಯಲ್ಲಿ ನಡುದಾರಿಯಲ್ಲಿ ಗಾಡಿ ನಿಲ್ಲಿಸುವವರು ಕಡಿಮೆ. ನಿಲ್ಲಿಸಿದರೂ ಗಾಣಗಿತ್ತಿ ಬಸದಿ ಹತ್ತಿರ ಒಂದು ಫೋಟೊ, ಭೀಮನ ಬಾಗಿಲ ಹತ್ತಿರ ಇನ್ನೊಂದು, ಅಷ್ಟೇ.

ಅದೇ ರಸ್ತೆಯ ಬದಿಯಲ್ಲಿ, ಕುರುಚಲು ಗಿಡ ಮತ್ತು ಹಳೇ ಗೋರಿಗಳ ನಡುವೆ, ಒಂದು ಕಂಬದ ಸಾಲಿನ ಹಾಳು ಕಟ್ಟಡ ಇದೆ. ದೂರದಿಂದ ನೋಡಿದರೆ ಹಂಪಿಯ ಸಾವಿರ ಮಂಟಪಗಳಲ್ಲಿ ಇದೂ ಒಂದು ಅನ್ನಿಸುತ್ತೆ. ಗಾರೆ ಉದುರಿದೆ, ಮೇಲಿನ ಇಟ್ಟಿಗೆ ಕೆಲಸ ಬಹುತೇಕ ಹೋಗಿದೆ, ಕಂಬಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಪುರಾತತ್ವ ಇಲಾಖೆಯ ಪಟ್ಟಿಯಲ್ಲಿ ಇದರ ಹೆಸರು ಅಹಮದ್ ಖಾನ್ ಮಸೀದಿ ಮತ್ತು ಸಮಾಧಿ. ಆದರೆ ಕಟ್ಟಡದ್ದೇ ಶಾಸನ ಓದಿದರೆ ಅದರಲ್ಲಿ ‘ಮಸೀದಿ’ ಅನ್ನೋ ಪದವೇ ಇಲ್ಲ. ಅಲ್ಲಿರೋ ಪದ ‘ಧರ್ಮಸಾಲೆ’. ಶಾಸನದ ಭಾಷೆಯೂ ಅರಬ್ಬಿ ಅಲ್ಲ, ಫಾರ್ಸಿ ಅಲ್ಲ. ಕನ್ನಡ.

ಹಂಪಿಯಲ್ಲಿ ಒಂದು ಮಾತು ಬಹಳ ವರ್ಷಗಳಿಂದ ಓಡಾಡ್ತಾ ಇದೆ: “ದೇವರಾಯ ತನ್ನ ಮುಸಲ್ಮಾನ ಸೈನಿಕರಿಗೆ ಮಸೀದಿ ಕಟ್ಟಿಸಿಕೊಟ್ಟ, ಅದೇ ಇದು.” ಕೇಳೋಕೆ ಚೆನ್ನಾಗಿದೆ. ಆದರೆ ಈ ಕಲ್ಲು ಹೇಳೋದು ಉಲ್ಟಾ. ಇಲ್ಲಿ ರಾಜ ಸೈನಿಕನಿಗೆ ಕಟ್ಟಿಸಿಕೊಟ್ಟಿಲ್ಲ, ಸೇವಕನೇ ರಾಜನ ಹೆಸರಲ್ಲಿ ಕಟ್ಟಿಸಿದ್ದಾನೆ. ಸಣ್ಣ ವ್ಯತ್ಯಾಸದಂತೆ ಕಂಡರೂ ಇಡೀ ಕಟ್ಟಡದ ಅರ್ಥ ಅಲ್ಲೇ ಇದೆ.

ಶಾಸನ ಏನು ಹೇಳುತ್ತೆ

ಶಾಸನದ ಕಾಲ ಶಕ ವರ್ಷ 1361, ಸಿದ್ಧಾರ್ಥಿ ಸಂವತ್ಸರ. ಇಂದಿನ ಲೆಕ್ಕದಲ್ಲಿ ಕ್ರಿ.ಶ. 1439. ಆಗ ವಿಜಯನಗರದ ಸಿಂಹಾಸನದ ಮೇಲಿದ್ದವನು ಇಮ್ಮಡಿ ದೇವರಾಯ. ‘ಗಜಬೇಟೆಕಾರ’ ಎಂಬ ಬಿರುದಿನ ಅದೇ ದೇವರಾಯ. ಅವನ ಸೇವೆಯಲ್ಲಿದ್ದ ಕಟ್ಟಿಗೆಯ ಅಹಮದ್ ಖಾನ್ ಎಂಬುವನು ದೇವರಾಯ ಮಹಾರಾಯನಿಗೆ ಪುಣ್ಯ ಬರಲಿ ಎಂದು ಒಂದು ಧರ್ಮಸಾಲೆ ಕಟ್ಟಿಸಿ, ಬಾವಿಯನ್ನೂ ತೋಡಿಸಿದ. ಶಾಸನದ ಸಾರ ಇಷ್ಟೇ.

ಕಟ್ಟಿಗೆ ಅಂದ ತಕ್ಷಣ ಈಗಿನವರಿಗೆ ಒಲೆಗೆ ಹಾಕೋ ಸೌದೆ ನೆನಪಾಗುತ್ತೆ. ಹಳಗಾಲದ ರಾಜದರ್ಬಾರದಲ್ಲಿ ಅದು ಕೋಲು ಹಿಡಿದು ನಿಲ್ಲುವ ರಾಜಸೇವಕರಿಗೆ ಸಂಬಂಧಿಸಿದ ಮಾತು. ಅಂದರೆ ಅಹಮದ್ ಖಾನ್ ಊರಿಗೆ ಬಂದು ಹೋಗುವ ವ್ಯಾಪಾರಿ ಅಲ್ಲ, ದಾರಿಹೋಕ ಫಕೀರನೂ ಅಲ್ಲ. ಅರಮನೆಯ ಸಂಬಳ ಉಣ್ಣುವ ಮನುಷ್ಯ.

ಈಗ ಆ ‘ರಾಜನಿಗೆ ಪುಣ್ಯ’ ಅನ್ನೋ ಮಾತಿಗೆ ಬರೋಣ. ವಿಜಯನಗರ ಕಾಲದ ಶಾಸನ ಓದಿದವರಿಗೆ ಇದು ತೀರಾ ಪರಿಚಿತ. ದಂಡನಾಯಕನೊಬ್ಬ ಗುಡಿ ಕಟ್ಟಿಸಿದರೂ, ನಾಯಕನೊಬ್ಬ ದೇವರ ನೈವೇದ್ಯಕ್ಕೆ ಹಳ್ಳಿ ಬಿಟ್ಟರೂ ಅದರ ಪುಣ್ಯ ತನ್ನ ಒಡೆಯನಿಗೆ ಸಲ್ಲಲಿ ಎಂದು ಬರೆಸೋದು ಆಗಿನ ರೂಢಿ. ಭಕ್ತಿಯೂ ಹೌದು, ಸ್ವಾಮಿನಿಷ್ಠೆಯೂ ಹೌದು, ನಾಲ್ಕು ಜನರ ಮುಂದೆ ‘ನಾನು ಇಂಥವರ ಕಡೆಯವನು’ ಅಂತ ಹೇಳಿಕೊಳ್ಳೋದೂ ಹೌದು. ಅಹಮದ್ ಖಾನ್ ಅದನ್ನೇ ಮಾಡಿದ್ದಾನೆ, ಅದೇ ಭಾಷೆಯಲ್ಲಿ, ಅದೇ ಧಾಟಿಯಲ್ಲಿ. ನಮಾಜಿನ ಮನೆ ಕಟ್ಟಿ ಅದರ ಪುಣ್ಯವನ್ನು ವಿರೂಪಾಕ್ಷನ ಹೆಸರಲ್ಲಿ ರಾಜ್ಯ ಆಳುವ ದೊರೆಗೆ ಅರ್ಪಿಸೋದರಲ್ಲಿ ಅವನಿಗೆ ಏನೂ ವಿಚಿತ್ರ ಕಂಡಿಲ್ಲ. ಆ ಶಾಸನ ಅಲ್ಲಿ ಉಳಿದುಕೊಂಡಿದೆ ಅಂದ ಮೇಲೆ ರಾಜಧಾನಿಯವರಿಗೂ ಅದು ತೊಡಕಾಗಿ ಕಂಡಿರಲಿಕ್ಕಿಲ್ಲ.

ಹಾಗಾದರೆ ‘ಧರ್ಮಸಾಲೆ’ ಅಂತ ಯಾಕೆ ಬರೆಸಿದ? ಹೆದರಿ ಮುಚ್ಚಿಟ್ಟ ಅಂತ ಕೆಲವರು ಅಂದುಕೊಳ್ಳಬಹುದು. ಆದರೆ ಹೆದರಿದವನು ತನ್ನ ಹೆಸರು ‘ಅಹಮದ್ ಖಾನ್’ ಅಂತ ಕಲ್ಲಲ್ಲಿ ಕೆತ್ತಿಸೋದಿಲ್ಲ. ಇದನ್ನು ಅನುವಾದ ಅಂತ ನೋಡಿದರೆ ಹೆಚ್ಚು ಸರಿಹೋಗುತ್ತೆ. ಊರಿನವರಿಗೆ ಅರ್ಥವಾಗುವ ಪದ ಯಾವುದೋ ಅದನ್ನು ಹಾಕಿದ. ಇಂಥದ್ದು ಬೇರೆ ಕಡೆಯೂ ಆಗಿದೆ. ಗುಜರಾತಿನ ಸೋಮನಾಥದ ಹತ್ತಿರ ವೇರಾವಳದಲ್ಲಿ ಹೊರ್ಮುಜ್ ಬಂದರಿನ ಹಡಗು ವ್ಯಾಪಾರಿಯೊಬ್ಬ ಮಸೀದಿ ಕಟ್ಟಿಸಿದಾಗ 1264ರಲ್ಲಿ ಸಂಸ್ಕೃತದಲ್ಲೊಂದು, ಅರಬ್ಬಿಯಲ್ಲೊಂದು ಶಾಸನ ಹಾಕಿಸಿದ್ದ. ಸಂಸ್ಕೃತ ಶಾಸನ ಆ ಮಸೀದಿಯನ್ನು ‘ಮಿಜಿಗಿತಿ’ ಅನ್ನುತ್ತೆ, ‘ಧರ್ಮಸ್ಥಾನ’ ಅಂತಲೂ ಕರೆಯುತ್ತೆ. ನಮ್ಮ ಕಡೆ ಹಳ್ಳಿಯಲ್ಲಿ ‘ಮಸೂತಿ’ ಅಂತಾರಲ್ಲ, ಅದೂ ಒಂದು ರೀತಿ ಇದೇ ಕೆಲಸ. ಹೊರಗಿನ ಪದ ಊರಿನ ನಾಲಿಗೆಗೆ ಒಗ್ಗಿಕೊಂಡಿದೆ.

ಮಂಟಪದಂತಿದ್ದರೂ ಮಸೀದಿ ಅನ್ನೋದು ಹೇಗೆ

ಪಕ್ಕಕ್ಕೆ ಗಾಡಿ ನಿಲ್ಲಿಸಿ ಒಳಗೆ ಹೋದವರಿಗೆ ಮೊದಲ ಪ್ರಶ್ನೆಯೇ ಇದು. ಗುಮ್ಮಟ ಎಲ್ಲಿ? ಮಿನಾರ್ ಎಲ್ಲಿ? ಕಮಾನು ಎಲ್ಲಿ? ಯಾವುದೂ ಇಲ್ಲ. ಕಲ್ಲಿನ ಕಂಬ, ಅದರ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಚಪ್ಪಡಿ. ಹಂಪಿಯ ಯಾವ ಮಂಟಪಕ್ಕೆ ಹೋದರೂ ಇದೇ ಲೆಕ್ಕ.

ಸ್ವಲ್ಪ ನಿಂತು ನೋಡಿದರೆ ವ್ಯತ್ಯಾಸ ಕಾಣುತ್ತೆ. ಕಟ್ಟಡ ಪೂರ್ವಕ್ಕೆ ತೆರೆದಿದೆ, ಪಶ್ಚಿಮಕ್ಕೆ ಗೋಡೆ ಇದೆ. ಗುಡಿಯ ಮಂಟಪ ಆಗಿದ್ದರೆ ಆ ಹಿಂಬದಿಯಲ್ಲಿ ಬಾಗಿಲು ಇರಬೇಕಿತ್ತು, ಬಾಗಿಲಾಚೆ ಗರ್ಭಗುಡಿ ಇರಬೇಕಿತ್ತು. ಮಂಟಪ ಅನ್ನೋದು ದೇವರ ಹತ್ತಿರ ಹೋಗುವ ದಾರಿ. ಇಲ್ಲಿ ದಾರಿ ಗೋಡೆಗೆ ಬಂದು ನಿಲ್ಲುತ್ತೆ. ಆ ಗೋಡೆಯಲ್ಲಿ ಒಂದು ಕಮಾನಿನಾಕಾರದ ಗೂಡು ಇದೆ. ಅದೇ ಮಿಹ್ರಾಬ್. ಮೆಕ್ಕಾ ಇರೋದು ನಮ್ಮಿಂದ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದಂತೆ. ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಅಂತ ತೋರಿಸೋದಷ್ಟೇ ಆ ಗೂಡಿನ ಕೆಲಸ. ಅದರಲ್ಲಿ ಏನನ್ನೂ ಇಡೋದಿಲ್ಲ, ಅದಕ್ಕೆ ಯಾರೂ ಪೂಜೆ ಮಾಡೋದಿಲ್ಲ. ಕಮಾನು ಎಲ್ಲಿ ಅಂತ ಹುಡುಕಿದವರಿಗೆ ಸಿಗೋ ಉತ್ತರವೂ ಅದೇ: ಬೇಕಾದ ಒಂದೇ ಜಾಗದಲ್ಲಿ ಇದೆ.

ಇನ್ನೊಂದು ಗುರುತು ಕಂಬಗಳೇ. ವಿಠ್ಠಲ ದೇವಸ್ಥಾನದ ಕಂಬದಲ್ಲಿ ಕೈಯಿಡಲು ಜಾಗವಿಲ್ಲದಷ್ಟು ಮೂರ್ತಿಗಳಿವೆ. ಇಲ್ಲಿನ ಕಂಬಗಳು ಅದೇ ವಂಶದವೇ, ಚೌಕ, ನಡುವೆ ಪಟ್ಟೆ ಪಟ್ಟೆಯಾಗಿ ತಾಸಿದ ಭಾಗ, ಮತ್ತೆ ಚೌಕ. ಆದರೆ ದೇವರಿಲ್ಲ, ನರ್ತಕಿ ಇಲ್ಲ, ಯಾಳಿ ಇಲ್ಲ. ಗುಡಿ ಕಟ್ಟಿ ಪಳಗಿದ ಕೈಗಳಿಗೆ ‘ಕಂಬ ಮಾಡಿ, ಮೂರ್ತಿ ಬೇಡ’ ಅಂತ ಹೇಳಿದರೆ ಹೇಗೆ ಬರುತ್ತೋ ಹಾಗೇ ಬಂದಿದೆ.

ಗುಮ್ಮಟ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಅದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಅದೇ ಆವರಣದಲ್ಲಿ ನಿಂತಿದೆ. ಮಸೀದಿಯ ಪಕ್ಕದ ಸಮಾಧಿ ಕಟ್ಟಡ ಚೌಕಾಕಾರದ್ದು, ಹೊರಗೋಡೆಯಲ್ಲಿ ಕಮಾನಿನ ಗೂಡುಗಳು, ತಲೆ ಮೇಲೆ ಗುಮ್ಮಟ. ಕಲಬುರಗಿ ಕಡೆಯ ಬಹಮನಿ ಸಮಾಧಿಗಳನ್ನು ನೋಡಿದವರು ಥಟ್ಟನೆ ಗುರುತು ಹಿಡೀತಾರೆ. ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಸಿಗುವ ಕಡ್ಡಿರಾಂಪುರದಲ್ಲೂ ಇಂಥದ್ದೇ ಎರಡು ಗುಮ್ಮಟಗಳಿವೆ.

ಅಂದರೆ ಒಂದೇ ಆವರಣದಲ್ಲಿ ಎರಡು ಪದ್ಧತಿ. ಸತ್ತವರಿಗೆ ಬಹಮನಿ ಮಾದರಿಯ ಗುಮ್ಮಟ, ಬದುಕಿದ್ದವರ ನಮಾಜಿಗೆ ವಿಜಯನಗರದ ಮಂಟಪ. ಅರಿವಿಲ್ಲದೆ ಆಗಿದ್ದಲ್ಲ, ಬೇಕು ಅಂತ ಆರಿಸಿಕೊಂಡದ್ದು. ಇದಕ್ಕೆ ಎಪ್ಪತ್ತೆರಡು ವರ್ಷ ಮೊದಲೇ, 1367ರಲ್ಲಿ, ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯ ಇಡೀ ಮಾಳಿಗೆಯನ್ನು ಗುಮ್ಮಟಗಳಿಂದಲೇ ಮುಚ್ಚಿದ್ದರು. ಮಾದರಿ ಹತ್ತಿರದಲ್ಲೇ ಇತ್ತು. ಅಹಮದ್ ಖಾನ್ ಅದನ್ನು ತರಲಿಲ್ಲ.

ಆಯ್ಕೆಗೆ ಗಾರೆ ಕೆಲಸದವರಿಗೆ ಅರ್ಥವಾಗುವ ಕಾರಣವೂ ಇದೆ. ಗ್ರಾನೈಟ್ ಕಲ್ಲು ಎಷ್ಟೇ ಭಾರ ಹೊರುತ್ತೆ, ಆದರೆ ಬಗ್ಗಿಸಿದರೆ ಬಿರುಕು ಬಿಡುತ್ತೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಕೆಳಮೈ ಎಳೆತಕ್ಕೆ ಸಿಗುತ್ತೆ, ಆ ಎಳೆತ ತಡೆಯೋ ಶಕ್ತಿ ಕಲ್ಲಿಗೆ ಕಡಿಮೆ. ಈಗಾದರೆ ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ಹಾಕೋದು ಇದೇ ಕಾರಣಕ್ಕೆ. ಆಗ ಸರಳು ಇರಲಿಲ್ಲ, ಹಾಗಾಗಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಲೇಬೇಕು. ಸಾಲಾಗಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಮಾಜಿಗೆ ನಡುವೆ ಕಂಬ ಬಂದರೆ ದೊಡ್ಡ ತೊಂದರೆ ಏನಿಲ್ಲ. ಗುಮ್ಮಟದ ಲೆಕ್ಕ ಬೇರೆ. ಅಲ್ಲಿ ಒಂದು ಇಟ್ಟಿಗೆ ಇನ್ನೊಂದನ್ನು ಒತ್ತಿ ಹಿಡಿಯುತ್ತೆ, ಕಂಬವಿಲ್ಲದ ಖಾಲಿ ಕೋಣೆ ಸಿಗುತ್ತೆ, ಆದರೆ ಆ ಒತ್ತಡ ಹೊರಕ್ಕೆ ದೂಡುವುದರಿಂದ ಗೋಡೆ ದಪ್ಪ ಬೇಕು, ಗಾರೆ ಒಳ್ಳೇದು ಬೇಕು. ನಡುವೆ ಗೋರಿ ಇರುವ ಒಂದೇ ಕೋಣೆಗೆ ಅದು ಸರಿಯಾದ ಮದ್ದು.

ಹಂಪಿ ಪೇಟೆಯ ಸುತ್ತ ಕಲ್ಲಿಗೆ ಬರವಿಲ್ಲ, ಕಂಬ ಕಡಿಯುವವರಿಗೂ ಆಗ ಬರವಿರಲಿಲ್ಲ. ಇರೋ ಕೆಲಸಗಾರರಿಂದ, ಇರೋ ಕಲ್ಲಿನಿಂದ, ಅವರಿಗೆ ಬರುವ ರೀತಿಯಲ್ಲಿ ಕೆಲಸ ಮುಗಿಸೋದು ಈಗಲೂ ಮನೆ ಕಟ್ಟಿಸುವವರ ಬುದ್ಧಿವಂತಿಕೆ ತಾನೆ.

ಇದರ ಇನ್ನೊಂದು ಮುಖವೂ ಕಮಲಾಪುರದ ಹತ್ತಿರವೇ ಇದೆ. ರಾಜನ ಆನೆಲಾಯ ನೋಡಿ. ಸಾಲು ಗುಮ್ಮಟ, ಸಾಲು ಕಮಾನು. ಕಮಲ ಮಹಲ್ ನೋಡಿ, ಹೂದಳದಂತೆ ಬಿಡಿಸಿದ ಕಮಾನುಗಳು. ರಾಣಿ ಸ್ನಾನಗೃಹದ ಒಳಗೂ ಅದೇ. ಅರಮನೆ ಕಡೆಯವರು ಗುಮ್ಮಟ ತಗೊಂಡರು, ಮಸೀದಿ ಕಡೆಯವರು ಮಂಟಪ ತಗೊಂಡರು. ವಿಜಯನಗರದ ಅರಸರು ತಮ್ಮ ಬಿರುದುಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಅಂತ ಸೇರಿಸಿಕೊಂಡಿದ್ದರು, ಸುರತ್ರಾಣ ಅಂದರೆ ಸುಲ್ತಾನ. ಪದ, ಪೋಷಾಕು, ಕುದುರೆ, ಕಟ್ಟಡ ಎಲ್ಲದರಲ್ಲೂ ಕೊಡುಕೊಳ್ಳುವಿಕೆ ನಡೆದಿತ್ತು. ಯುದ್ಧವೂ ನಡೆದಿತ್ತು, ಅದನ್ನು ಮರೆಮಾಚಬೇಕಿಲ್ಲ. ಇದೇ ದೇವರಾಯ 1443ರಲ್ಲಿ ಬಹಮನಿಗಳ ಜೊತೆ ರಾಯಚೂರು, ಮುದಗಲ್ ಸಲುವಾಗಿ ಬಡಿದಾಡಿದವನು. ಅವನ ದಂಡಿನಲ್ಲಿ ಮುಸಲ್ಮಾನ ಸವಾರರೂ ಇದ್ದರು.

ಸವಾರರು ಬಂದದ್ದು ಯಾಕೆ

ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಇದಕ್ಕೊಂದು ಕತೆ ಹೇಳುತ್ತಾನೆ. ಬಹಮನಿಗಳ ಎದುರು ಪದೇ ಪದೇ ಯಾಕೆ ಸೋಲುತ್ತೇವೆ ಅಂತ ದೇವರಾಯ ತನ್ನವರನ್ನೆಲ್ಲ ಕೂಡಿಸಿ ಕೇಳಿದನಂತೆ. ಅವರ ಕುದುರೆ ಗಟ್ಟಿ, ಅವರ ಬಿಲ್ಲುಗಾರರು ಜಾಣರು ಅಂತ ಉತ್ತರ ಬಂತು. ಆಮೇಲೆ ಅವನು ಮುಸಲ್ಮಾನರನ್ನು ಸೈನ್ಯಕ್ಕೆ ಸೇರಿಸಿಕೊಂಡು ಜಹಗೀರು ಕೊಟ್ಟ, ಅವರಿಗಾಗಿ ನಗರದಲ್ಲಿ ಮಸೀದಿ ಕಟ್ಟಿಸಿದ, ತನಗೆ ವಂದಿಸುವಾಗ ಅವರ ಧರ್ಮಕ್ಕೆ ಲೋಪ ಬರಬಾರದೆಂದು ಸಿಂಹಾಸನದ ಮುಂದೆ ಕುರಾನ್ ಇರಿಸಿದ ಎಂದು ಬರೆದಿದ್ದಾನೆ. ಬಿಲ್ವಿದ್ಯೆ ಬಲ್ಲ 2,000 ಮುಸಲ್ಮಾನರು, 60,000 ಹಿಂದೂಗಳು ಸೇರಿದರು ಅನ್ನೋ ಲೆಕ್ಕವೂ ಅವನದೇ.

ಫೆರಿಷ್ತಾನ ಮಾತನ್ನು ಪೂರ್ತಿ ನಂಬಬೇಕಿಲ್ಲ. ಅವನು ಬರೆದದ್ದು ದೇವರಾಯ ತೀರಿಹೋಗಿ ನೂರೈವತ್ತು ವರ್ಷ ದಾಟಿದ ಮೇಲೆ, ಅದೂ ವಿಜಯನಗರಕ್ಕೆ ಎದುರಾಳಿಯಾಗಿದ್ದ ರಾಜ್ಯದಲ್ಲಿ ಕೂತು. ‘ರಾಜ ಕಟ್ಟಿಸಿದ ಮಸೀದಿ’ ಅನ್ನೋ ಮಾತಿಗೆ ಮೂಲ ಇಲ್ಲಿದೆ. ಅದು ಬೇರೆ ಮಸೀದಿ ಇದ್ದರೂ ಇರಬಹುದು. ಅಹಮದ್ ಖಾನನ ಶಾಸನವಾದರೋ ಘಟನೆ ನಡೆದ ದಿನದ್ದೇ, ಕಟ್ಟಿಸಿದವನದೇ ಮಾತು. ಎರಡರಲ್ಲಿ ಯಾವುದಕ್ಕೆ ತೂಕ ಹೆಚ್ಚು ಅಂತ ಕೇಳಿದರೆ ಕಲ್ಲಿಗೇ.

ಸುಮಾರು 80 ವರ್ಷದ ನಂತರ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬಂದಾಗಲೂ ನಗರದ ಅಂಚಿನಲ್ಲಿ ಮುಸಲ್ಮಾನರ ಕೇರಿ ಇತ್ತು. ಅಲ್ಲಿನವರಲ್ಲಿ ಬಹಳ ಮಂದಿ ಇದೇ ನಾಡಿನವರು, ರಾಜನ ಸಂಬಳ ಪಡೆದು ಅವನ ಕಾವಲು ಪಡೆಯಲ್ಲಿದ್ದಾರೆ ಎಂದು ಅವನು ಬರೆದಿಟ್ಟಿದ್ದಾನೆ. ಅಹಮದ್ ಖಾನನ ಕಟ್ಟಡದ ಸುತ್ತಲಿನ ಗೋರಿಗಳು, ಅಡಿಪಾಯದ ಗುರುತುಗಳು ಇಂಥ ಕೇರಿಯೊಂದರ ಅವಶೇಷ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಚೂಪು ಟೊಪ್ಪಿಗೆ ಹಾಕಿ ಕುದುರೆ ಹಿಡಿದು ಬರುವ ಹೊರನಾಡಿನವರನ್ನು ಕೆತ್ತಿದ್ದಾರಲ್ಲ, ಅವರನ್ನೂ ಇದರ ಜೊತೆ ನೆನೆಯಬೇಕು.

ಒಂದೇ ರಸ್ತೆಯಲ್ಲಿ ಇನ್ನೊಂದು ಲೆಕ್ಕವೂ ಸಿಗುತ್ತೆ. ಗಾಣಗಿತ್ತಿ ಬಸದಿಯನ್ನು ಕಟ್ಟಿಸಿದ್ದು ಇರುಗಪ್ಪ ದಂಡನಾಯಕ, ಕುಂಥು ಜಿನನಾಥನಿಗೆ, ಎರಡನೇ ಹರಿಹರನ ಕಾಲದಲ್ಲಿ, 1385ರ ಹೊತ್ತಿಗೆ. ಜೈನ ಸೇನಾಪತಿಯ ಬಸದಿ, ಮುಸಲ್ಮಾನ ರಾಜಸೇವಕನ ಧರ್ಮಸಾಲೆ, ರಸ್ತೆ ಮುಗಿಯುವಲ್ಲಿ ವಿಠ್ಠಲ. ಎರಡೂ ಕಡೆ ಕಟ್ಟಿಸಿದವರು ರಾಜರಲ್ಲ, ರಾಜರ ಕೆಳಗೆ ದುಡಿದವರು.

ಹಾಳಾದದ್ದು, ಉಳಿದದ್ದು

1565ರ ರಕ್ಕಸಗಿ–ತಂಗಡಗಿ ಯುದ್ಧದ ನಂತರ ರಾಜಧಾನಿ ಬರಿದಾಯಿತು. ಜನ ಬಿಟ್ಟು ಹೋದ ಮೇಲೆ ಕಟ್ಟಡಕ್ಕೆ ಶತ್ರು ಬೇರೆ ಬೇಕಿಲ್ಲ. ಮಾಳಿಗೆಯ ಗಾರೆಯಲ್ಲಿ ಬಿರುಕು ಬಿಟ್ಟು ಮಳೆ ನೀರು ಇಳಿಯುತ್ತೆ, ಆ ಬಿರುಕಿನಲ್ಲಿ ಅರಳಿ, ಆಲದ ಬೀಜ ಬಿದ್ದು ಬೇರು ಬಿಡುತ್ತೆ, ಬೇರು ದಪ್ಪವಾದಂತೆ ಇಟ್ಟಿಗೆ ಕಳಚುತ್ತೆ. ಹಂಪಿಯ ಬಹುಪಾಲು ಇಟ್ಟಿಗೆ ಗೋಪುರಗಳ ಗತಿ ಇದೇ. ಮಸೀದಿಯಲ್ಲೂ ಇಟ್ಟಿಗೆ ಮತ್ತು ಗಾರೆಯ ಭಾಗ ಮೊದಲು ಹೋಗಿದೆ, ಕಲ್ಲಿನ ಭಾಗ ನಿಂತಿದೆ.

ಹಂಪಿ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಈ ಮಸೀದಿ ಮತ್ತು ಸಮಾಧಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಇದು ಸುತ್ತಲಿನ ಜಮೀನಿನವರಿಗೆ, ಅಂಗಡಿ ಹಾಕಬೇಕು ಅನ್ನುವವರಿಗೆ ನೇರವಾಗಿ ತಾಗುವ ವಿಷಯ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಇರುವುದರ ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲು ಮೊದಲೇ ಅನುಮತಿ ಪಡೆಯಬೇಕು. ದೊಡ್ಡ ಗುಡಿಗೆ ಮಾತ್ರ ಈ ನಿಯಮ ಅಂದುಕೊಂಡವರು ಬಹಳ ಜನ. ಯಾರೂ ನಿಲ್ಲದ ಸಣ್ಣ ಸ್ಮಾರಕಕ್ಕೂ ಅಷ್ಟೇ ಅಳತೆ. ಸ್ಮಾರಕಕ್ಕೆ ಹಾನಿ ಮಾಡಿದರೆ, ಅದರ ಮೇಲೆ ಗೀಚಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪ್ರವಾಸಿಗರನ್ನು ಕರೆದೊಯ್ಯುವ ಆಟೊದವರು, ಗೈಡ್‌ಗಳು ಇಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಹೇಳೋಕೆ ಕತೆ ಬೇಕಾದಷ್ಟಿದೆ. ‘ರಾಜ ಕಟ್ಟಿಸಿಕೊಟ್ಟ’ ಅನ್ನೋದರ ಬದಲು ‘ರಾಜನಿಗೋಸ್ಕರ ಕಟ್ಟಿಸಿದ’ ಅಂತ ಹೇಳಿದರೆ ಕೇಳುವವರ ಮುಖದಲ್ಲಿ ಪ್ರಶ್ನೆ ಮೂಡೋದು ಖಂಡಿತ.

ಹೊಸಪೇಟೆಯಿಂದ ಕಮಲಾಪುರ ಸುಮಾರು 12 ಕಿ.ಮೀ. ಮೊದಲು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿರುವ ಹಂಪಿಯ ದೊಡ್ಡ ಮಾದರಿ ನೋಡಿಕೊಂಡರೆ ಅರಮನೆ ಎಲ್ಲಿ, ಕೇರಿ ಎಲ್ಲಿ, ನದಿ ಎಲ್ಲಿ ಅನ್ನೋದು ತಲೆಯಲ್ಲಿ ಕೂರುತ್ತೆ. ಅಲ್ಲಿಂದ ತಳವಾರಘಟ್ಟದ ರಸ್ತೆ. ಬೆಳಗ್ಗೆ ಬೇಗ ಹೋಗೋದು ಒಳ್ಳೇದು. ಕಟ್ಟಡ ಪೂರ್ವಕ್ಕೆ ತೆರೆದಿರೋದರಿಂದ ಆ ಹೊತ್ತಿನ ಎಳೆಬಿಸಿಲಲ್ಲಿ ಒಳಗೋಡೆಯ ಗೂಡು ಚೆನ್ನಾಗಿ ಕಾಣುತ್ತೆ. ನೆರಳು ಕಡಿಮೆ, ನೀರಿನ ಬಾಟಲಿ ಜೊತೆಗಿರಲಿ. ಸುತ್ತ ಗೋರಿಗಳಿವೆ, ನೋಡಿಕೊಂಡು ಕಾಲಿಡಬೇಕು.